ದೀಪದ ಗೂಡಿಗೆ ಹಚ್ಚಿದ ಸುಣ್ಣ

ಬಾಗಿಲಿಗೆ ಹಾಕಿದ ಕೀಲಿ ನೋಡಿದರೆ ಮನೆಯ ಸುದ್ದಿ ತಿಳಿಯುತ್ತದೆ. ಕೀಲಿ ಹೊಳೆಯುತ್ತಿದ್ದರೆ ಮನೆಯವರು ಹೊಲಕ್ಕೋ ಸಂತೆಗೋ ಹೋಗಿದ್ದಾರೆ, ಸಂಜೆಗೆ ಬರುತ್ತಾರೆ. ತುಕ್ಕು ಹಿಡಿದ ಕೀಲಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ್ದರೆ ವರ್ಷಕ್ಕೊಮ್ಮೆ ಬರುವವರು. ತುಕ್ಕೂ ಹಿಡಿದು ಹಾಳೆಯೂ ಇಲ್ಲದಿದ್ದರೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿದ್ದಾರೆ ಅಂತ ತಿಳಿಯಿರಿ. ಅಂಥ ಮನೆಯ ಕಟ್ಟೆಯ ಮೇಲೆ ಕೂತು ನೀರೂ ಕುಡಿಯಬೇಡಿ, ಸಾಕ್ಷಿಗೆ ಕರೆದಾರು.

ಇದೆಲ್ಲ ನನಗೆ ಯಾರೂ ಕಲಿಸಿದ್ದಲ್ಲ. ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವುದು ನನ್ನ ಕಸಬು. ನಮ್ಮ ಕಡೆ ಪಾತ್ರೆಗೆ ಭಾಂಡೆ ಅನ್ನುತ್ತಾರೆ, ಹಾಗಾಗಿ ನಾನು ಊರಿಗೆಲ್ಲ ಭಾಂಡೇದಾಕಿ. ಬುಟ್ಟಿ ಹೊತ್ತು ತಿರುಗಿ ತಿರುಗಿ ಬೈಲಹೊಂಗಲದಲ್ಲಿ ಒಂದು ಸಣ್ಣ ಅಂಗಡಿ ಮಾಡಿಕೊಂಡೆ. ಆದರೂ ಕಾಲು ಕೇಳುವುದಿಲ್ಲ. ಇವತ್ತು ಕಿತ್ತೂರು, ನಾಳೆ ರಾಮದುರ್ಗ, ನಾಡಿದ್ದು ಸವದತ್ತಿ. ಅಂಗಡಿಯಲ್ಲಿ ಒಂದು ತಾಸು ಕೂತರೆ ಅಂಗಾಲು ಕೆರೆಯತೊಡಗುತ್ತದೆ. ಬಾಗಿಲು ಬಾಗಿಲು ತಿರುಗುವವಳಿಗೆ ಯಾವ ಮನೆ ಖಾಲಿ ಇದೆ, ಯಾವ ಮಂದಿಗೆ ಮನೆಯಿಲ್ಲ, ಎರಡೂ ಗೊತ್ತಾಗುತ್ತವೆ. ಎರಡನ್ನೂ ಜೋಡಿಸದೆ ಸುಮ್ಮನಿರುವುದು ವ್ಯಾಪಾರಸ್ಥರಿಗೆ ಆಗದ ಮಾತು. ಮೊದಲ ಸಲ ಜೋಡಿಸಿದ್ದು ಕಿತ್ತೂರಿನಲ್ಲಿ, ಎಣ್ಣೆಗಾಣದ ಹಿಂದಿನ ಕೋಣೆಗೆ ಒಂದು ಸಂಸಾರವನ್ನು. ಆಮೇಲೆ ಅದೇ ಚಟವಾಯಿತು. ಕೆಲವು ಕೂಡಿದವು, ಕೆಲವು ಮುರಿದುಬಿದ್ದವು. ಇದು ಸಂಘವಲ್ಲ, ಸೇವೆ ಅಂತ ಬೋರ್ಡೂ ಇಲ್ಲ. ಬೋರ್ಡು ಹಾಕಿದರೆ ಮನೆ ಕೊಡುವವರು ಹೆದರುತ್ತಾರೆ.

ಆ ಹುಡುಗಿಯನ್ನು ನೋಡಿದ್ದು ಸವದತ್ತಿಯ ದೇವಿಯ ಗುಡ್ಡದ ಮೇಲೆ. ಹುಣ್ಣಿಮೆಯ ಜಾತ್ರೆಯ ಗದ್ದಲ ಇಳಿದಿತ್ತು. ಗುಡ್ಡಕ್ಕೆ ಬರುವ ಮಂದಿ ಬಯಲಲ್ಲೇ ಕಲ್ಲು ಹೂಡಿ ಅಡಿಗೆ ಮಾಡುತ್ತಾರೆ, ಗಂಟು ಬಿಚ್ಚಿ ಅಲ್ಲೇ ಮಲಗುತ್ತಾರೆ. ಆ ಗದ್ದಲದಲ್ಲಿ ಮನೆಯಿಲ್ಲದವರು ಕೂಡಿಕೊಂಡರೆ ಯಾರಿಗೂ ತಿಳಿಯುವುದಿಲ್ಲ, ಅವರೂ ಜಾತ್ರೆಗೆ ಬಂದವರಂತೆಯೇ ಕಾಣುತ್ತಾರೆ. ಮಂದಿ ಇಳಿದುಹೋದ ಮೇಲೆ ಮಾತ್ರ ಹೊಳೆ ಬತ್ತಿದಾಗ ಕಲ್ಲು ಕಂಡಂತೆ ಕಾಣಿಸತೊಡಗುತ್ತಾರೆ.

ನನ್ನ ಕಣ್ಣು ಹೋಗಿದ್ದು ಬಟ್ಟೆಯ ಮೇಲೆ, ಅದು ಕಸಬಿನ ಗುಣ. ಬೇಲಿಯ ತಂತಿಯ ಮೇಲೆ ಸಾಲೆಯ ಯೂನಿಫಾರ್ಮು ಒಣಗಲು ಹಾಕಿತ್ತು, ನೀಲಿ ಲಂಗ, ಬಿಳಿ ಅಂಗಿ. ದೇವಿಗೆ ಬಂದವರು ಯೂನಿಫಾರ್ಮು ತರುತ್ತಾರೇನು? ಪಕ್ಕದಲ್ಲಿ ಹದಿನಾರರ ಒಂದು ಹುಡುಗಿ ಅದರ ಮಡಿಕೆಗಳನ್ನು ಕೈಯಿಂದಲೇ ತೀಡುತ್ತಿದ್ದಳು. ಅವಳ ತಾಯಿ ಒಲೆ ಕಲ್ಲಿನ ಮುಂದೆ, ಒಂದು ಸಣ್ಣ ತಂಗಿ ತಾಯಿಯ ಬೆನ್ನಿಗೆ.

"ಯಾವ ಸಾಲಿವಾ?" ಎಂದೆ.

"ಈಗ ಯಾವುದೂ ಇಲ್ಲರಿ."

"ಮತ್ತ ತೊಳಿಯೋದು ಯಾಕ?"

"ಹಳದಿ ಆಗತೈತಲ್ರಿ," ಎಂದಳು, ಇಷ್ಟೂ ತಿಳಿಯದವಳೇ ಎಂಬಂತೆ ನನ್ನ ನೋಡಿ.

ತಾಯಿಯ ಬಾಯಿಂದ ಉಳಿದದ್ದು ಬಂತು. ಸುರೇಬಾನದ ಕಡೆಯ ಒಂದು ಹಳ್ಳಿ. ಮಳೆಗೆ ಗೋಡೆ ನೆನೆದು ನೆನೆದು ಒಂದು ಬೆಳಗ್ಗೆ ಮನೆಯೇ ಕೂತುಬಿಟ್ಟಿತು. ಗಂಡ ಬೋರ್‌ವೆಲ್ ಲಾರಿಯ ಸಂಗಡ ಹೋದವನು ಮೊದಲು ಫೋನು ಮಾಡುವುದನ್ನು ಬಿಟ್ಟ, ಆಮೇಲೆ ಬರುವುದನ್ನು. ತೊರಗಲ್ಲಿನಲ್ಲಿ ತಮ್ಮನ ಮನೆಯಲ್ಲಿ ಇದ್ದರು. ಒಂದೇ ಕೋಣೆ, ಎರಡು ಒಲೆ. ತಮ್ಮನ ಹೆಂಡತಿ ದಿನಾ ಪಾತ್ರೆಗಳನ್ನು ಜೋರಾಗಿ ಇಡತೊಡಗಿದಾಗ ತಾಯಿಗೆ ತಿಳಿಯಿತು, ಗಂಟು ಕಟ್ಟಿ ಗುಡ್ಡಕ್ಕೆ ಬಂದರು.

ಗುಡ್ಡದಲ್ಲಿ ಊಟಕ್ಕೆ ತೊಂದರೆಯಿಲ್ಲ, ಯಾರೋ ಹೋಳಿಗೆ ಕೊಡುತ್ತಾರೆ, ಯಾರೋ ಕಡುಬು. ತೊಂದರೆ ಬೇರೆ. ಆ ವಯಸ್ಸಿನ ಹುಡುಗಿ ಗುಡ್ಡದಲ್ಲಿ ಹೆಚ್ಚು ದಿನ ಕಂಡರೆ ಕೇಳಲು ಬರುವ ಮಂದಿಯೂ ಬೇರೆ. ಆಗಲೇ ಒಬ್ಬಳು, ಹುಡುಗಿಯನ್ನು ದೇವಿಗೆ ಬಿಡಿ ಎಂದು, ಸೀರೆ, ಬಳೆ ತಂದು ತಾಯಿಯ ಮುಂದೆ ಇಟ್ಟು ಹೋಗಿದ್ದಳಂತೆ. ಹುಡುಗಿಯೇ ಹಿಂದೆ ಓಡಿಹೋಗಿ ವಾಪಸು ಕೊಟ್ಟು ಬಂದಿದ್ದಳು. "ರಾತ್ರಿ ನಾವು ಮೂರೂ ಮಂದಿ ಒಂದಾ ಸಲ ಮಲಗೂದಿಲ್ಲರಿ, ಒಬ್ಬರು ಕುಂತಿರತೇವಿ," ಎಂದಳು. ಅವಳು ಕೇಳಿದ್ದು ಮನೆಯಲ್ಲ. "ಒಳಗಿಂದ ಚಿಲಕ ಇದ್ದದ್ದು ಯಾವುದರ ಒಂದು ಖೋಲಿ ಐತೇನ್ರಿ, ಅಕ್ಕಾರ?"

ಒಳಗಿನ ಚಿಲಕ. ಅದೊಂದು ಮಾತು ನನ್ನನ್ನು ಕೂಡಗೊಡಲಿಲ್ಲ.

ಅವತ್ತೇ ಮೂವರನ್ನೂ ಬಸ್ಸಿಗೆ ಹತ್ತಿಸಿಕೊಂಡು ಬೈಲಹೊಂಗಲಕ್ಕೆ ಬಂದೆ. ನನ್ನ ಅಂಗಡಿಯ ಹಿಂದೆ ಇರುವುದು ಒಂದು ಕೋಣೆ. ಅಲ್ಲಿ ಭಾಂಡೆಗಳು ಕಾಲು ಚಾಚಿ ಮಲಗುತ್ತವೆ, ನಾನು ಮುದುರಿಕೊಂಡು. ಸಣ್ಣದು ಹೊರಳಿದರೆ ಡಬ್ಬಿಗಳ ಗೋಪುರ ಉರುಳುತ್ತಿತ್ತು. ಅಂಗಡಿಯ ಮಾಲೀಕ ಬಂದು ಇಣುಕಿ, "ಏನ ಬಾಯಾರ, ಮಂದೀನೂ ಬದಲಿಗೆ ತಗೋತೀರೇನ ಈಗ?" ಎಂದು ನಕ್ಕ. ನಗು ಎಷ್ಟು ದಿನ ಇರುತ್ತದೆ ಎಂಬುದು ನನಗೆ ಗೊತ್ತು. ಬೆಳಗಾದರೆ ಚಪ್ಪಲಿ ಮೆಟ್ಟುತ್ತಿದ್ದೆ. ಎಲ್ಲೆಲ್ಲಿ ತುಕ್ಕು ಕೀಲಿ ಕಂಡಿದ್ದೆನೋ ಅಲ್ಲೆಲ್ಲ ಹೋದೆ. ಕೆಲವರು ಗಂಡಸಿಲ್ಲದ ಮನೆಗೆ ಕೊಡುವುದಿಲ್ಲ ಎಂದರು, ಕೆಲವರು ಮೊದಲ ಮಾತಿಗೇ "ಯಾವ ಮಂದಿ?" ಎಂದರು. ತಾಯಿಮಕ್ಕಳು ದಲಿತರು, ಬೌದ್ಧರಾದವರು. ಅದನ್ನು ಕೇಳಿದ ಮೇಲೆ ಮನೆ ಖಾಲಿಯಿದ್ದವರಿಗೂ ಒಮ್ಮೆಲೇ ಪುಣೆಯಿಂದ ನೆಂಟರು ಬರುವುದಿರುತ್ತಿತ್ತು.

ಕೊನೆಗೆ ದೊಡವಾಡದ ಒಂದು ಮನೆ ನೆನಪಾಯಿತು. ತುಕ್ಕು ಕೀಲಿ, ಮೇಲೆ ಹಾಳೆ. ಮನೆಯ ಮಾಲೀಕ ಗೋವಾದಲ್ಲಿ ಖಾನಾವಳಿ ಇಟ್ಟವನು. ಕೀಲಿಕೈ ಇರುವುದು ಬೈಲಹೊಂಗಲದಲ್ಲಿ, ಅವನ ಅಕ್ಕನ ಸೊಂಟದಲ್ಲಿ. ಆ ಮುದುಕಿ ನನ್ನ ಗಿರಾಕಿ. ಗಿರಾಕಿ ಅನ್ನುವುದಕ್ಕಿಂತ ವೈರಿ ಅನ್ನಬಹುದು. ಒಂದು ಜರಿಸೀರೆ ಕೊಟ್ಟು ಬೋಗುಣಿ, ಅದರ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಚಮಚ ಕೇಳುವವಳು.

ಚೌಕಾಸಿಯ ಬಗ್ಗೆ ನನ್ನ ಬುದ್ಧಿಮಾತು ಒಂದೇ: ಬೇಕಾದದ್ದನ್ನು ಕೊನೆಗೆ ಕೇಳಿ. ಹೋಗಿ ಕೂತು ಅರ್ಧ ತಾಸು ಹರಕು ಸೀರೆಯ ಬಗ್ಗೆ ಜಗಳಾಡಿದೆ. ಆಮೇಲೆ ಎದ್ದು ಬುಟ್ಟಿ ಹೊರುತ್ತ, "ದೊಡವಾಡದಾಗ ನಿಮ್ಮ ಮನಿ ಕಂಡೆ ಬಿಡ್ರಿ. ದೀಪ ಇಲ್ಲದ ಮನಿ, ಗೆದ್ದಲ ತಿನ್ನಾಕ ಹತ್ತೈತಿ," ಎಂದೆ.

ಮುದುಕಿಯ ಮುಖ ಸಪ್ಪಗಾಯಿತು. ನಮ್ಮ ಕಡೆ ಬೀಗ ಹಾಕಿದ ಮನೆಯಲ್ಲಿ ಸಂಜೆ ದೀಪವಿಲ್ಲದಿದ್ದರೆ ಮನೆ ಸೊರಗುತ್ತದೆ ಎಂದು ನಂಬುತ್ತಾರೆ. ಬಾಡಿಗೆಗೆ ಕೊಡಲು ಒಲ್ಲದವರು ದೀಪಕ್ಕೆಂದು ಯಾರನ್ನಾದರೂ ಇಡುವುದುಂಟು. ಕೊಡುವುದು ತೆಗೆದುಕೊಳ್ಳುವುದು ಏನಿಲ್ಲ. ಕಸ ಗುಡಿಸಬೇಕು, ಒಲೆ ಹೊತ್ತಿಸಬೇಕು, ಸಂಜೆ ಗೂಡಿನಲ್ಲಿ ದೀಪ ಹಚ್ಚಬೇಕು, ಹೇಳಿದಾಗ ಬಿಡಬೇಕು.

"ಬಾಡಿಗಿಯವರನ್ನ ಇಟ್ರ ಬೇರು ಬಿಡತಾರ," ಎಂದಳು.

"ಬಾಡಿಗಿ ಯಾರ ಕೇಳಿದ್ರು? ದೀಪಕ್ಕ ಇಡ್ರಿ. ತಾಯಿ, ಎರಡು ಹೆಣ್ಣಮಕ್ಕಳು. ಹಿರೇದು ಅಂಗಿ ತೊಳದ್ರ ಕನ್ನಡಿ."

"ಯಾವ ಮಂದಿ?"

"ಸ್ವಚ್ಛ ಮಂದಿ."

"ಅದನ್ನಲ್ಲ ನಾ ಕೇಳಿದ್ದು."

"ಅವ್ವಾರ, ನೀವು ಸೀರಿ ಕೊಡುವಾಗ ನಾ ಹರದದ್ದು ಎಲ್ಲಿ ಅಂತ ಕೇಳತೇನೇನ? ನಾನಾ ನೋಡಕೋತೇನಿ. ಹಂಗ ನೀವೂ ನೋಡಕೋರಿ." ಹೀಗೆಂದು ಬೋಗುಣಿಯ ಮೇಲೆ ಮುಚ್ಚಳ ಇಟ್ಟೆ. ಮುಚ್ಚಳದ ಮೇಲೆ ಚಮಚವನ್ನೂ. ಮುದುಕಿ ಚಮಚವನ್ನು ಬೆಳಕಿಗೆ ಹಿಡಿದು ನೋಡಿದಳು, ಸೊಂಟದಿಂದ ಕೀಲಿಕೈ ಬಿಚ್ಚಿದಳು.

ದೊಡವಾಡದ ಮನೆಗೆ ಹೋದ ದಿನ ಹುಡುಗಿ ಮೊದಲು ಮಾಡಿದ್ದು ಬಾಗಿಲು ಮುಚ್ಚಿ ಚಿಲಕ ಹಾಕಿ ನೋಡಿದ್ದು. ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಚಿಲಕ ಬಿಗಿಯಾಗಿತ್ತು, ನಾನು ಕೊಬ್ಬರಿ ಎಣ್ಣೆ ಬಿಟ್ಟೆ. ಒಂದೇ ಉದ್ದನೆಯ ಪಡಸಾಲೆ, ಒಳಗೆ ಅಡಿಗೆಮನೆ, ಅಡಿಗೆಮನೆಯ ಗೋಡೆಯಲ್ಲಿ ದೀಪದ ಗೂಡು. ಗೂಡಿನ ಒಳಗೆಲ್ಲ ಕಪ್ಪು. ಹುಡುಗಿ ತನ್ನ ಗಂಟಿನಿಂದ ಬುದ್ಧನ ಫೋಟೋ ತೆಗೆದು ಪಡಸಾಲೆಯ ಮೊಳೆಗೆ ಹಾಕಿದಳು.

"ಅದು ಒಳಗ ಎಲ್ಲೆರ ಇರಲಿ," ಎಂದೆ.

"ಅವರ ದೀಪ ನಾ ಹಚ್ಚತೇನ್ರಿ. ದೀಪ ಬೆಳಕಿಗೆ, ಅದಕ್ಕೇನ. ಇದು ಮಾತ್ರ ಇಲ್ಲೇ ಇರಲಿ."

ಸಾಲೆಯ ಹೆಡ್‌ಮಾಸ್ತರರ ಹೆಂಡತಿಗೆ ಒಂದು ಡಬ್ಬಿ ಕೊಟ್ಟು ಪರಿಚಯ ಮಾಡಿಕೊಂಡೆ. ಹುಡುಗಿ ಹತ್ತನೆಯ ಇಯತ್ತೆಗೆ ಸೇರಿದಳು. ಯೂನಿಫಾರ್ಮಿನ ಬಣ್ಣ ಅದೇ ನೀಲಿಯಾಗಿತ್ತು, ಅದೊಂದು ನಮ್ಮ ಪುಣ್ಯ. ತಾಯಿಗೆ ಕಳೆ ತೆಗೆಯುವ ಕೆಲಸ ಸಿಕ್ಕಿತು. ನಾನು ಹಾಯಾಗಿ ಇರಬೇಕಿತ್ತು. ಇರಲಿಲ್ಲ. ಬಾಯಿಮಾತಿನ ಮನೆ, ಮಾತಿನಲ್ಲೇ ಹೋಗುತ್ತದೆ. ರಾಮದುರ್ಗದ ಬಸ್ಸಿನಲ್ಲಿ ಕೂತರೂ ಕಿಟಕಿಯಿಂದ ಕೀಲಿಗಳನ್ನೇ ನೋಡುತ್ತಿದ್ದೆ.

ದೀಪಾವಳಿ ಹತ್ತಿರ ಬಂತು. ಊರೆಲ್ಲ ಸುಣ್ಣ ಬಳಿಯುತ್ತಿತ್ತು. ತಾಯಿಗೆ ಏನನ್ನಿಸಿತೋ! ಪುಕ್ಕಟೆ ಮನೆ, ಒಳ್ಳೆಯ ಮಂದಿ, ಕೊಡಲು ಕೈಯಲ್ಲಿ ಏನೂ ಇಲ್ಲ, ಮೈಯಲ್ಲಿ ಕಸುವಿದೆ. ಎಲ್ಲಿಂದಲೋ ಸುಣ್ಣ ತಂದು ಇಡೀ ಮನೆ ಬಳಿದಳು. ಪಡಸಾಲೆ, ಅಡಿಗೆಮನೆ, ಕೊನೆಗೆ ಆ ದೀಪದ ಗೂಡು. ಕಪ್ಪು ಸುಲಭವಾಗಿ ಹೋಗಲಿಲ್ಲವಂತೆ. ಕುಡುಗೋಲಿನಿಂದ ಕೆರೆದು, ತೊಳೆದು, ಎರಡು ಸಲ ಸುಣ್ಣ ಕೊಟ್ಟಳು. ಗೂಡು ಹಾಲಿನಂತೆ ಬೆಳ್ಳಗಾಯಿತು. ನಾನು ಹೋದಾಗ ತೋರಿಸಿದಳು. ನಾನೂ "ಭಾಳ ಛಲೋ ಮಾಡಿದಿ ನೋಡು" ಎಂದೆ. ಬಾಗಿಲು ಬಾಗಿಲು ತಿರುಗಿದ ನನಗೂ ಹೊಳೆಯಲಿಲ್ಲ. ಹೊಳೆಯುವುದು ಹೇಗೆ, ನಾನು ಯಾವತ್ತೂ ಜನರ ಬಾಗಿಲವರೆಗಿನವಳು. ಅಡಿಗೆಮನೆಯ ಗೂಡಿನವರೆಗೆ ಯಾರು ಬಿಟ್ಟಾರು?

ಹಬ್ಬ ಮುಗಿದ ಮೇಲೆ ಒಂದು ದಿನ ಮುದುಕಿ ನನ್ನ ಅಂಗಡಿಗೇ ಬಂದಳು, ಕೈಯಲ್ಲಿ ಸಣ್ಣ ಬೆಳ್ಳಿ ಡಬ್ಬಿ, ಮುಖ ಅರಳಿತ್ತು. "ನಡಿ ದೊಡವಾಡಕ್ಕ. ನನ್ನ ತಮ್ಮನ ಮಗಗ ಹೆಣ್ಣ ಹುಟ್ಟೈತಿ. ಕಾಡಿಗಿ ತಗೊಂಡ ಬರಬೇಕು."

"ಯಾವ ಕಾಡಿಗಿರಿ?"

"ಗೂಡಿಂದು! ನಮ್ಮ ಮನ್ಯಾಗ ಹುಟ್ಟಿದ ಎಲ್ಲಾರ ಹಣಿಗೂ ಮೊದಲ ಬೊಟ್ಟು ಅದಾ. ನಮ್ಮವ್ವನ ಅತ್ತಿ ಹಚ್ಚಿದ ದೀಪದ ಕಪ್ಪ ಅದು. ನನಗೂ ಅದಾ ಇಟ್ಟಿದ್ರು."

ಬಸ್ಸಿನಲ್ಲಿ ಅವಳು ಬಾಯಿ ತುಂಬ ಮಾತಾಡಿದಳು. ನನ್ನ ಪಾಡು, ಕೆಟ್ಟ ಮಾಲು ಇದೆ ಎಂದು ಗೊತ್ತಿದ್ದೂ ಗಿರಾಕಿಯನ್ನು ಅಂಗಡಿಗೆ ಕರೆದೊಯ್ದಂತೆ. ಒಂದೆರಡು ಸಲ ಹೇಳಲು ಹೋದೆ. ಆಮೇಲೆ, ಅವಳು ಕೂಸಿನ ಮೂಗಿನ ಬಗ್ಗೆ ಹೇಳುತ್ತಿದ್ದಳು, ಬಿಟ್ಟುಬಿಟ್ಟೆ.

ಬಾಗಿಲು ತೆಗೆದದ್ದು ಹುಡುಗಿ, ಆಗಷ್ಟೇ ಸಾಲೆಯಿಂದ ಬಂದಿದ್ದಳು. ಮುದುಕಿ ಪಡಸಾಲೆಯ ಫೋಟೋ ನೋಡಿದಳು, ನನ್ನನ್ನು ನೋಡಿದಳು. "ಸ್ವಚ್ಛ ಮಂದಿ," ಎಂದಳು ನನ್ನದೇ ದನಿಯಲ್ಲಿ. ಆದರೂ ನಿಲ್ಲದೆ ಒಳಗೆ ಹೋದಳು. ಬೆರಳು ಗೂಡಿನೊಳಗೆ ಇಟ್ಟಳು. ಬೆರಳು ಬೆಳ್ಳಗೆ ಹೊರಗೆ ಬಂತು. ಇನ್ನೊಂದು ಬೆರಳು ಗೂಡಿನ ಮೇಲ್ಭಾಗಕ್ಕೆ ಒಯ್ದಳು, ಮೂಲೆಗೆ ಒಯ್ದಳು. ತಾಯಿ ಯಾವ ಮೂಲೆಯನ್ನೂ ಬಿಟ್ಟಿರಲಿಲ್ಲ.

"ಯಾರು ಮಾಡಿದ್ರು ಇದನ್ನ?"

"ನಾನರಿ," ಎಂದಳು ತಾಯಿ, ಹೊಗಳುತ್ತಾರೆಂದು ಸೆರಗು ಸರಿಮಾಡಿಕೊಂಡು ಮುಂದೆ ಬಂದು.

ಆಮೇಲೆ ಮುದುಕಿ ಅಂದದ್ದನ್ನೆಲ್ಲ ಬರೆಯಲಾರೆ. ಗೂಡಿನಿಂದ ಶುರುವಾಗಿ ಜಾತಿಗೆ ಹೋಯಿತು, ಅಲ್ಲಿಂದ ನನ್ನ ಬುಟ್ಟಿಗೆ ಬಂತು. "ಇದು ನಿಮ್ಮ ಮಂದಿ ಬುದ್ಧಿ. ದೀಪದ ಬೆಲಿ ಗೊತ್ತಿಲ್ಲ. ಇವತ್ತಾ ಗಂಟ ಕಟ್ಟ್ರಿ." ತಾಯಿ ನೆಲದ ಮೇಲೆ ಕುಕ್ಕರಿಸಿಬಿಟ್ಟಳು. ಸಣ್ಣದು ಅಳಲಿಲ್ಲ, ತನ್ನ ಪಾಟಿಚೀಲ ತಂದು ಬಾಗಿಲ ಹತ್ತಿರ ಇಟ್ಟುಕೊಂಡು ನಿಂತಿತು. ಅದಕ್ಕೆ ಮನೆ ಬಿಡುವುದು ರೂಢಿಯಾಗಿತ್ತು.

ನನ್ನ ನಾಲಿಗೆಯಲ್ಲಿ ಬೋಗುಣಿ, ಮುಚ್ಚಳ, ದೊಡ್ಡ ಹಂಡೆಯವರೆಗೂ ಬಂದು ನಿಂತವು. ಯಾವುದೂ ಇದಕ್ಕೆ ಬದಲಿಯಾಗುವುದಿಲ್ಲ ಎಂದು ನನಗೂ ತಿಳಿದಿತ್ತು.

ಹುಡುಗಿ ಮುಂದೆ ಬಂದಳು. "ಅವ್ವಾರ, ನಮ್ಮವ್ವ ತಪ್ಪ ಮಾಡ್ಯಾಳ. ನಮ್ಮ ಮನಿ ಬಿದ್ದಾಗ ನಮ್ಮ ಆಯಿ, ಅಪ್ಪನ ಅವ್ವ, ಕಟ್ಟಿದ್ದ ಒಲಿನೂ ಹೋತು. ಅಂಥಾದ್ದು ತಿರುಗಿ ಬರಂಗಿಲ್ಲ, ನನಗ ಗೊತ್ತೈತಿ." ಗೂಡಿನ ಕಡೆ ಕೈ ತೋರಿಸಿದಳು. "ಆದ್ರ ಕಪ್ಪ ದೀಪದಿಂದ ಬಂದದ್ದಲ್ರಿ? ನಾ ದಿನಾ ಹಚ್ಚತೇನಿ. ಕೂಸಿನ ಹಣಿಗೆ ಇಡೂವಷ್ಟು ಕಪ್ಪ ಕೂಡೂ ಮಟ ನಮ್ಮನ್ನ ಇರಗೊಡ್ರಿ. ಕೂಡಿದ ಮ್ಯಾಲೆ ನೀವಾ ಬಂದು ನೋಡ್ರಿ, ಸಾಕು ಅಂದ್ರ ಹೊಂಟ ಹೋಗತೇವಿ."

"ಆ ಫೋಟೋ?"

"ಅದು ಇರತೈತ್ರಿ."

ಹುಚ್ಚು ಹುಡುಗಿ, ಇಂಥ ಹೊತ್ತಿನಲ್ಲಿ ಏನಾದರೂ ಬಿಟ್ಟುಕೊಡಬೇಕು, ಅದೇ ಚೌಕಾಸಿಯ ಮೊದಲ ಪಾಠ. ಮುದುಕಿ ಸುಣ್ಣದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಗೂಡಿನ ಒಳಗಿನ ಹಣತೆ ಎತ್ತಿ ಮೂಸಿದಳು.

"ಯಾವ ಎಣ್ಣಿ ಹಾಕತೀ?"

"ಸೂರ್ಯಕಾಂತಿರಿ. ಅಡಿಗಿದು."

"ಅದರಾಗೇನ ಕೂಡತೈತಿ, ಮಣ್ಣು! ಔಡಲೆಣ್ಣಿ ಹಾಕು. ಬತ್ತಿ ದಪ್ಪ ಹೊಸಿ." ಬೆಳ್ಳಿ ಡಬ್ಬಿಯನ್ನು ಖಾಲಿಯೇ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ನಡೆದಳು. ನೀರು ಬೇಕೇ ಎಂದು ತಾಯಿ ಕೇಳುವಷ್ಟರಲ್ಲಿ ಕಟ್ಟೆ ಇಳಿದಿದ್ದಳು. ಬಸ್ಸು ಹತ್ತುವಾಗ ನನ್ನ ಕಡೆ ತಿರುಗಿ, "ಆ ಚಮಚ ಸವದೈತಿ ನಿಂದು," ಎಂದಳು. ಹೊಸದು ಕೊಡಬೇಕೆಂದು ಅರ್ಥ. ಕೊಟ್ಟೆ.

ಮುದುಕಿ ಒಳ್ಳೆಯವಳಾದಳು ಎಂದು ಯಾರೂ ತಿಳಿಯಬೇಡಿ. ಆಮೇಲೆ ಒಮ್ಮೆ ಬಂದಿದ್ದಳು, ತನ್ನ ನೀರಿನ ಬಾಟಲಿ ತಾನೇ ತಂದಿದ್ದಳು. ಗೂಡಿಗೆ ಬೆರಳಿಟ್ಟು ನೋಡಿ "ಇನ್ನಾ ಬೂದಿ ಬಣ್ಣ" ಎಂದು ಹೋದಳು. ಗೋವಾದ ತಮ್ಮನಿಗೆ ಅವಳು ಏನು ಹೇಳಿದ್ದಾಳೋ ನನಗೆ ತಿಳಿಯದು. ಅವನು ನಾಳೆ ಬಂದು ಮನೆ ಮಾರುತ್ತೇನೆ ಎಂದರೆ ಮುಗಿಯಿತು. ಅದಕ್ಕೇ ನನ್ನ ತಿರುಗಾಟ ನಿಂತಿಲ್ಲ. ಕಿತ್ತೂರಿನಲ್ಲಿ ಒಂದು ಹಾಳೆ ಸುತ್ತಿದ ಕೀಲಿ ನೋಡಿಟ್ಟಿದ್ದೇನೆ. ಈ ಸಲ "ಯಾವ ಮಂದಿ" ಎಂದು ಕೇಳಿದರೆ ಮೊದಲೇ ಹೇಳಿಬಿಡುವುದು ಎಂದು ಹುಡುಗಿಯ ಹುಕುಂ ಆಗಿದೆ. "ಬಚ್ಚಿಟ್ಟ ಕೊಡಿಸಿದ ಮನಿಯಾಗ ನಿದ್ದಿ ಬರಂಗಿಲ್ಲರಿ," ಎನ್ನುತ್ತಾಳೆ. ಹಾಗೆ ಹೇಳಿದರೆ ಮನೆ ಸಿಕ್ಕುವುದೇ? ನನಗೆ ಸಂಶಯ. ವ್ಯಾಪಾರ ನನಗೆ ಗೊತ್ತು, ಅವಳಿಗಲ್ಲ.

ಮುದುಕಿಯ ಕೂಡ ಆದ ಮಾತಿನಲ್ಲಿ ಒಂದು ಸಂದು ಇತ್ತು, ಅದು ನನಗೆ ಅವತ್ತು ತಿರುಗಿ ಬರುವ ಬಸ್ಸಿನಲ್ಲೇ ಹೊಳೆದಿತ್ತು. ಔಡಲೆಣ್ಣೆ, ಅಂದರೆ ಹರಳೆಣ್ಣೆ, ಹಾಕಿದರೆ ಕಪ್ಪು ಬೇಗ ಕೂಡುತ್ತದೆ, ಬೇಗ ಕೂಡಿದರೆ ಬೇಗ ಮನೆ ಬಿಡಬೇಕು. ಮರುವಾರ ಹೋಗಿ ಹುಡುಗಿಯ ಕಿವಿಯಲ್ಲಿ ಹೇಳಿದೆ: "ಬತ್ತಿ ಸಣ್ಣ ಹೊಸಿಯವಾ. ಎಣ್ಣಿನೂ ಸೂರ್ಯಕಾಂತಿನ ಇರಲಿ. ಯಾರ ನೋಡತಾರ? ಪರೀಕ್ಷಾ ಮುಗಿಯೂ ಮಟ ಎಳಿಬಹುದು."

"ಇಲ್ಲರಿ ಅಕ್ಕಾರ. ಕೂಸಿಂದು ಅದು," ಎಂದಳು. ಗೂಡಿನಲ್ಲಿ ಔಡಲೆಣ್ಣೆಯ ದಪ್ಪ ಬತ್ತಿ ಉರಿಯುತ್ತಿತ್ತು, ಮೇಲೆ ಕಪ್ಪು ಹಿಡಿಯಲು ಬೋರಲು ಹಾಕಿದ ತಾಟು. ತಾಟು ನನ್ನ ಅಂಗಡಿಯದೇ.

ಮೊನ್ನೆ ಸಂಜೆ ದೊಡವಾಡಕ್ಕೆ ಮತ್ತೆ ಹೋದೆ. ಕಿತ್ತೂರಿನ ಸುದ್ದಿ ಹೇಳುವುದಿತ್ತು, ಕೊನೆಯ ಬಸ್ಸಿಗೆ ತಿರುಗಿ ಬರುವ ಅವಸರವೂ ಇತ್ತು. ಬಾಗಿಲು ದೂಡಿದೆ, ತೆರೆಯಲಿಲ್ಲ, ಒಳಗಿಂದ ಚಿಲಕ ಹಾಕಿತ್ತು. ಬಡಿದೆ.

"ಯಾರು?" ಒಳಗಿಂದ ಹುಡುಗಿಯ ದನಿ.

"ನಾನವಾ."

"ನಾನು ಅಂದ್ರ ಯಾರು?"

"ಭಾಂಡೇದಾಕಿ! ತಗಿ, ಬಸ್ಸ ಹೋಗತೈತಿ."

"ತಡೀರಿ ಒಂದೀಟು," ಎಂದಳು. ಒಳಗೆ ಏನೋ ಪುಸ್ತಕ ಮುಚ್ಚಿದ ಸದ್ದು, ಸಣ್ಣದರ ನಗು. ಅವಸರವೇನೂ ಇರಲಿಲ್ಲ ಅವರಿಗೆ. ನಾನು ಬುಟ್ಟಿ ಇಳಿಸಿ ಕಟ್ಟೆಯ ಮೇಲೆ ಕೂತೆ. ಬಸ್ಸು ಊರ ಹೊರಗೆ ತಿರುಗುವ ಸದ್ದು ಕೇಳಿಸಿತು, ಆದರೂ ಎರಡನೆಯ ಸಲ ಬಾಗಿಲು ಬಡಿಯಲಿಲ್ಲ.